ಯಾವ ಆಳ, ಯಾವ ಅಂಗಾಂಶ, ಯಾವ ಹಂತ: ಎಲೆಕ್ಟ್ರೋಥೆರಪಿ ಪರೀಕ್ಷೆಗೆ ಓದುವವರ ಪ್ರಶ್ನೆಗಳು

ಫಿಸಿಯೋಥೆರಪಿ ಪರವಾನಗಿ ಪರೀಕ್ಷೆಗೆ ಕೂರುವವರನ್ನು ಹೆಚ್ಚು ಕಾಡುವ ಭಾಗವೆಂದರೆ ಶಾಖ, ಶೀತ, ವಿದ್ಯುತ್ ಪ್ರವಾಹ ಮತ್ತು ಟ್ರ್ಯಾಕ್ಷನ್ (ಬೆನ್ನುಮೂಳೆಯನ್ನು ಎಳೆಯುವ) ಚಿಕಿತ್ಸೆಗಳು. ಈ ಸಲದ ಅಂಕಣವಿಡೀ ಅವಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಲ್ಟ್ರಾಸೌಂಡ್ (ಶ್ರವಣಾತೀತ ಶಬ್ದದ ಚಿಕಿತ್ಸೆ), ಟೆನ್ಸ್ ಮತ್ತು ಐಎಫ್‌ಟಿ (ನೋವು ತಗ್ಗಿಸುವ ವಿದ್ಯುತ್ ಪ್ರವಾಹಗಳು), ವ್ಯಾಕ್ಸ್ ಬಾತ್ (ಕರಗಿದ ಮೇಣದಲ್ಲಿ ಅದ್ದುವುದು), ಟ್ರ್ಯಾಕ್ಷನ್ ಒಂದೊಂದಕ್ಕೂ ಹತ್ತಾರು ಅಂಕಿಗಳು. ಓದಿದ ವಾರಕ್ಕೆಲ್ಲ ಕಲಸುಮೇಲೋಗರ ಆಗಿಬಿಡುತ್ತದೆ. ನೆನಪಿಟ್ಟುಕೊಳ್ಳುವುದು ಹೇಗೆ?

ಉತ್ತರ: ಅಂಕಿಗಳನ್ನು ಪಟ್ಟಿ ಮಾಡಿ ಉರು ಹೊಡೆಯುವುದನ್ನು ಮೊದಲು ಬಿಡಿ. ಪ್ರತಿ ಅಂಕಿಯ ಬೆನ್ನಿಗೂ ಒಂದು ಕಾರಣವಿದೆ. ಕಾರಣ ಹಿಡಿದರೆ ಅಂಕಿ ತಾನಾಗಿ ಜೊತೆಗೆ ಬರುತ್ತದೆ. ಅಲ್ಟ್ರಾಸೌಂಡನ್ನೇ ತೆಗೆದುಕೊಳ್ಳಿ. ಆವರ್ತನ ಹೆಚ್ಚಿದಷ್ಟೂ ಶಬ್ದಶಕ್ತಿಯನ್ನು ಅಂಗಾಂಶ ಬೇಗ ಹೀರಿಕೊಳ್ಳುತ್ತದೆ. ಬೇಗ ಹೀರಿಕೊಂಡ ಮೇಲೆ ಆಳಕ್ಕೆ ಹೋಗಲು ಶಕ್ತಿ ಉಳಿಯುವುದಿಲ್ಲ. ಈ ಒಂದು ಮಾತಿನಿಂದ ಮೂರು ಉತ್ತರ ಹೊರಡುತ್ತವೆ: 3 ಮೆಗಾಹರ್ಟ್ಸ್ ಮೇಲ್ಪದರಕ್ಕೆ, ಅಂದರೆ ಸುಮಾರು 1ರಿಂದ 2.5 ಸೆಂ.ಮೀ. ಆಳಕ್ಕೆ, 1 ಮೆಗಾಹರ್ಟ್ಸ್ ಅದಕ್ಕಿಂತ ಆಳಕ್ಕೆ, 5 ಸೆಂ.ಮೀ.ವರೆಗೆ, 3 ಮೆಗಾಹರ್ಟ್ಸ್ ಸುಮಾರು ಮೂರು ಪಟ್ಟು ವೇಗವಾಗಿ ಬಿಸಿ ಮಾಡುತ್ತದೆ, ಹಾಗಾಗಿ ಅದಕ್ಕೆ ಕಡಿಮೆ ನಿಮಿಷ ಸಾಕು. "ಹೆಚ್ಚು ಮೆಗಾಹರ್ಟ್ಸ್ ಎಂದರೆ ಹೆಚ್ಚು ಆಳ" ಎಂದು ಗುರುತು ಹಾಕಿ ಬರುವವರು ಈ ಕಾರಣವನ್ನು ಓದಿಲ್ಲ, ಅಂಕಿಯನ್ನಷ್ಟೇ ಓದಿದ್ದಾರೆ.

ಪರೀಕ್ಷೆಯಲ್ಲಿ ಬರುವುದು ಬಹುತೇಕ ರೋಗಿಯ ಸನ್ನಿವೇಶ. ಅದನ್ನು ಓದಿದ ಕೂಡಲೇ ಕೆಳಗಿನ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಮೂರೇ ಸಂಗತಿ ಬರೆದುಕೊಳ್ಳಿ: ತೊಂದರೆ ಎಷ್ಟು ಆಳದಲ್ಲಿದೆ, ಯಾವ ಅಂಗಾಂಶ, ಗಾಯ ಯಾವ ಹಂತದಲ್ಲಿದೆ. ಒಂದು ಮಾದರಿ ನೋಡಿ. ಪಾದದ ಕೀಲು ಉಳುಕಿ ಎಂಟು ವಾರ ಕಳೆದಿದೆ. ಊತವಿಲ್ಲ, ಸ್ಪರ್ಶಜ್ಞಾನ ಸರಿಯಿದೆ. ಹೊರಬದಿಯ ಅಸ್ಥಿರಜ್ಜು ಬಿಗಿದು ಚಲನೆ ಕಡಿಮೆಯಾಗಿದೆ, ಸ್ಟ್ರೆಚಿಂಗ್‌ಗೆ ಮುನ್ನ ಬಿಸಿ ಮಾಡಬೇಕು. ಆಯ್ಕೆಗಳು: 1 ಮೆಗಾಹರ್ಟ್ಸ್ ಕಂಟಿನ್ಯೂಯಸ್ (ಎಡೆಬಿಡದ) 1.5 ವ್ಯಾಟ್, 3 ಮೆಗಾಹರ್ಟ್ಸ್ ಕಂಟಿನ್ಯೂಯಸ್ 1 ವ್ಯಾಟ್, 3 ಮೆಗಾಹರ್ಟ್ಸ್ ಶೇ 20 ಪಲ್ಸ್ಡ್ (ಬಿಟ್ಟು ಬಿಟ್ಟು, ಶೇ 20ರಷ್ಟು ಹೊತ್ತು ಮಾತ್ರ ಹರಿಯುವ) 0.5 ವ್ಯಾಟ್, ಐಸ್ ಮಸಾಜ್. ಚರ್ಮದ ಕೆಳಗೇ ಇರುವ ಅಂಗಾಂಶವಾದ್ದರಿಂದ ಮೊದಲನೆಯದು ಹೋಯಿತು. ಬಿಸಿಯೇ ಗುರಿಯಾದ್ದರಿಂದ ಪಲ್ಸ್ಡ್ ಹೋಯಿತು. ತಂಪು ಕೊಲಾಜೆನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಅದೂ ಹೋಯಿತು. ಉಳಿದದ್ದು ಎರಡನೆಯದು. ಇದೇ ಪ್ರಶ್ನೆಯಲ್ಲಿ "ಎಂಟು ವಾರ" ಎಂಬಲ್ಲಿ "ಎರಡು ದಿನ" ಎಂದಿದ್ದರೆ, ಹೊಸ ಗಾಯಕ್ಕೆ ಬಿಸಿ ಸಲ್ಲದ್ದರಿಂದ, ಉತ್ತರ ತಿರುಗಿಬಿಡುತ್ತದೆ. ಒಂದು ಪದ ಬದಲಾದರೆ ಏನಾಗುತ್ತದೆ ಎಂದು ಪ್ರತಿ ಮಾದರಿ ಪ್ರಶ್ನೆಗೂ ಕೇಳಿಕೊಳ್ಳಿ. ಐವತ್ತು ಪ್ರಶ್ನೆಗಳನ್ನು ಹೀಗೆ ತಿರುವಿ ನೋಡಿದರೆ ಇನ್ನೂರು ಪ್ರಶ್ನೆಗಳನ್ನು ಸುಮ್ಮನೆ ಬಿಡಿಸಿದ್ದಕ್ಕಿಂತ ಹೆಚ್ಚು ದಕ್ಕುತ್ತದೆ.

ಪ್ರಶ್ನೆ: ಅಲ್ಟ್ರಾಸೌಂಡ್ ಲೆಕ್ಕಗಳಲ್ಲಿ ಪ್ರತಿ ಸಲ ಎಡವುತ್ತೇನೆ. ಸಮಯ ಲೆಕ್ಕ ಹಾಕುವುದು ಹೇಗೆ? ಚಿಕಿತ್ಸೆಯ ಜಾಗ ಹೆಡ್‌ಗಿಂತ (ಚರ್ಮದ ಮೇಲೆ ಆಡಿಸುವ ತುದಿಗಿಂತ) ಎರಡು ಪಟ್ಟು ಮಾತ್ರ ಇರಬೇಕು ಎನ್ನುವುದೇಕೆ?

ಉತ್ತರ: ಮೊದಲು ಗುರಿ ಗೊತ್ತಿರಬೇಕು. ಅಂಗಾಂಶದ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಚಯಾಪಚಯ ಚುರುಕಾಗುತ್ತದೆ, 2–3 ಡಿಗ್ರಿ ಏರಿದರೆ ನೋವು ಮತ್ತು ಸ್ನಾಯು ಸೆಳೆತ ತಗ್ಗುತ್ತವೆ, ಕೊಲಾಜೆನ್ ಹಿಗ್ಗಬೇಕಾದರೆ 4 ಡಿಗ್ರಿ ಏರಬೇಕು. ಇನ್ನು ವೇಗ. ಪ್ರತಿ ಚದರ ಸೆಂಟಿಮೀಟರಿಗೆ 1 ವ್ಯಾಟ್ ಕೊಟ್ಟರೆ 1 ಮೆಗಾಹರ್ಟ್ಸ್ ನಿಮಿಷಕ್ಕೆ 0.2 ಡಿಗ್ರಿ ಏರಿಸುತ್ತದೆ, 3 ಮೆಗಾಹರ್ಟ್ಸ್ 0.6 ಡಿಗ್ರಿ. ತೀವ್ರತೆ 1.5 ಆದರೆ ಇವು 0.3 ಮತ್ತು 0.9. ಬೇಕಾದ ಏರಿಕೆಯನ್ನು ವೇಗದಿಂದ ಭಾಗಿಸಿ. 3 ಮೆಗಾಹರ್ಟ್ಸ್, 1 ವ್ಯಾಟ್, 4 ಡಿಗ್ರಿ ಬೇಕು: 4 ÷ 0.6, ಸುಮಾರು 7 ನಿಮಿಷ. 1 ಮೆಗಾಹರ್ಟ್ಸ್, 1.5 ವ್ಯಾಟ್, ಅದೇ 4 ಡಿಗ್ರಿ: 4 ÷ 0.3, ಹದಿಮೂರು ನಿಮಿಷಕ್ಕೂ ಮೇಲೆ. ಎಲ್ಲ ರೋಗಿಗೂ ಕಣ್ಣು ಮುಚ್ಚಿ 5 ನಿಮಿಷ ಇಡುವ ಅಭ್ಯಾಸ ಏಕೆ ಫಲ ಕೊಡುವುದಿಲ್ಲವೆಂದು ಈ ಎರಡು ಭಾಗಾಕಾರಗಳೇ ಹೇಳುತ್ತವೆ. ಒಂದು ಎಚ್ಚರ: ಈ ವೇಗಗಳು ಸ್ನಾಯುವಿಗೆ ಸಂಬಂಧಿಸಿದವು. ಟೆಂಡನ್, ಅಸ್ಥಿರಜ್ಜುಗಳಲ್ಲಿ ಕೊಲಾಜೆನ್ ದಟ್ಟವಾಗಿರುವುದರಿಂದ ಅವು ಇನ್ನೂ ಬೇಗ ಬಿಸಿಯಾಗುತ್ತವೆ. ಅಲ್ಲಿ ಗಡಿಯಾರಕ್ಕಿಂತ ರೋಗಿಯ ಮಾತು ಮುಖ್ಯ.

ಜಾಗದ ವಿಷಯ. ಹೆಡ್‌ನ ಲೋಹದ ಮುಖವಿಡೀ ಶಬ್ದ ಹೊರಸೂಸುವುದಿಲ್ಲ. ನಿಜವಾಗಿ ಸೂಸುವ ಭಾಗಕ್ಕೆ ಇಆರ್‌ಎ ಎನ್ನುತ್ತಾರೆ, ಅದು ಮುಖಕ್ಕಿಂತ ಕಿರಿದು. ಇಆರ್‌ಎ 5 ಚ.ಸೆಂ.ಮೀ. ಇದ್ದರೆ 10 ಚ.ಸೆಂ.ಮೀ. ಜಾಗಕ್ಕೆ ಚಿಕಿತ್ಸೆ ಕೊಡಬೇಕು. ಅದೇ ಹೆಡ್ಡನ್ನು ಇಡೀ ಸೊಂಟದ ಮೇಲೆ ಓಡಿಸಿದರೆ ಒಂದು ಬಿಂದುವಿಗೆ ಹೆಡ್ ಮರಳಿ ಬರುವಷ್ಟರಲ್ಲಿ ರಕ್ತಸಂಚಾರ ಬಿಸಿಯನ್ನು ಹೊತ್ತೊಯ್ದಿರುತ್ತದೆ. ಜಾಗ ದೊಡ್ಡದಿದ್ದರೆ ಭಾಗ ಮಾಡಿ, ಪ್ರತಿ ಭಾಗಕ್ಕೂ ಪೂರ್ತಿ ಸಮಯ ಕೊಡಿ. ಇಲ್ಲವೇ ಹಾಟ್ ಪ್ಯಾಕೋ ಡಯಥರ್ಮಿಯೋ (ವಿದ್ಯುತ್ಕಾಂತೀಯ ಕ್ಷೇತ್ರದಿಂದ ಆಳಕ್ಕೆ ಶಾಖ ಕೊಡುವುದು) ಆರಿಸಿ. "ಇಡೀ ಬೆನ್ನಿನ ಕೆಳಭಾಗ" ಎಂದು ಪ್ರಶ್ನೆಯಲ್ಲಿ ಕಂಡರೆ ಅಲ್ಟ್ರಾಸೌಂಡ್ ಆಯ್ಕೆಯನ್ನು ಅನುಮಾನದಿಂದ ನೋಡಿ.

ಇನ್ನೊಂದು ಲೆಕ್ಕ ಸರಾಸರಿ ತೀವ್ರತೆಯದು. ಯಂತ್ರ 1 ವ್ಯಾಟ್ ತೋರಿಸುತ್ತಿದೆ, ಡ್ಯೂಟಿ ಸೈಕಲ್ (ಶಕ್ತಿ ಹರಿಯುವ ಹೊತ್ತಿನ ಪಾಲು) ಶೇ 20. ಹಾಗಾದರೆ ಕಾಲದ ಸರಾಸರಿ 0.2 ವ್ಯಾಟ್. ಬಿಸಿ ಏಳದೇ ಇರುವುದು ಇದರಿಂದಲೇ.

ಹೆಡ್ಡನ್ನು ಸೆಕೆಂಡಿಗೆ ಸುಮಾರು 4 ಸೆಂ.ಮೀ. ವೇಗದಲ್ಲಿ, ಹಿಂದಿನ ಸುತ್ತಿನ ಮೇಲೆ ಅರ್ಧ ಹೊದೆಯುವಂತೆ ಆಡಿಸಬೇಕು. ಕಿರಣದೊಳಗಿನ ತೀವ್ರತೆ ಎಲ್ಲ ಕಡೆ ಸಮವಾಗಿರುವುದಿಲ್ಲ. ಅತಿ ಹೆಚ್ಚಿನ ಬಿಂದುವಿಗೂ ಸರಾಸರಿಗೂ ಇರುವ ಅನುಪಾತವೇ ಬಿಎನ್‌ಆರ್. ಅದು 6:1 ಇರುವ ಹೆಡ್‌ನಲ್ಲಿ 1.5 ವ್ಯಾಟ್ ಇಟ್ಟರೆ ಎಲ್ಲೋ ಒಂದು ಬಿಂದುವಿನಲ್ಲಿ 9 ವ್ಯಾಟ್ ಇರುತ್ತದೆ. ಆ ಬಿಂದು ಒಂದೆಡೆ ನಿಂತರೆ, ಅದರಲ್ಲೂ ಮೂಳೆಯ ಮೇಲೆ, ರೋಗಿಗೆ ಒಳಗಿನಿಂದ ಕೊರೆಯುವಂಥ ನೋವು ಬರುತ್ತದೆ. ಅದು ಮೂಳೆಯ ಹೊದಿಕೆಯ ನೋವು. "ಆಗ ಏನು ಮಾಡುವಿರಿ" ಎಂಬ ಪ್ರಶ್ನೆಗೆ ಉತ್ತರ: ತೀವ್ರತೆ ತಗ್ಗಿಸುವುದು, ಹೆಡ್ ಅಂಟಿಕೊಂಡಂತೆ ಚಲಿಸುತ್ತಿದೆಯೇ ಎಂದು ನೋಡುವುದು, ಜೆಲ್ ಸಾಲದಿದ್ದರೆ ಸೇರಿಸುವುದು. "ಸ್ವಲ್ಪ ಸಹಿಸಿಕೊಳ್ಳಲು ಹೇಳುವುದು" ಎಂಬ ಆಯ್ಕೆ ಎಲ್ಲಿ ಬಂದರೂ ತಪ್ಪು.

ಬಿಸಿ ಮಾಡಿದ ಮೇಲೆ ಸ್ಟ್ರೆಚಿಂಗ್‌ಗೆ ಸಿಗುವ ಅವಕಾಶ ಮೂರು ನಿಮಿಷದ ಆಸುಪಾಸು, ಅಷ್ಟೇ. ಅಷ್ಟರಲ್ಲಿ ಅಂಗಾಂಶ ತಣ್ಣಗಾಗತೊಡಗುತ್ತದೆ. ಹಾಗಾಗಿ ಬಿಸಿ ಏರುತ್ತಿರುವಾಗಲೇ ಎಳೆತ ಶುರು ಮಾಡುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ಮೂಳೆಗೆ ಲೋಹದ ಪ್ಲೇಟ್ ಹಾಕಿದ್ದರೆ ಅಲ್ಟ್ರಾಸೌಂಡ್ ಕೊಡಬಹುದು, ಶಾರ್ಟ್‌ವೇವ್ ಕೊಡಬಾರದು ಎನ್ನುತ್ತಾರೆ. ಎರಡೂ ಆಳದ ಶಾಖವೇ ಅಲ್ಲವೇ?

ಉತ್ತರ: ಎರಡೂ ಆಳಕ್ಕೆ ಶಾಖ ಕೊಡುತ್ತವೆ, ಆದರೆ ಶಾಖ ಹುಟ್ಟುವ ಬಗೆ ಬೇರೆ. ಶಾರ್ಟ್‌ವೇವ್ ಡಯಥರ್ಮಿ 27.12 ಮೆಗಾಹರ್ಟ್ಸ್‌ನ ವಿದ್ಯುತ್ಕಾಂತೀಯ ಕ್ಷೇತ್ರ. ಲೋಹ ಉತ್ತಮ ವಾಹಕವಾದ್ದರಿಂದ ಕ್ಷೇತ್ರದ ಗೆರೆಗಳು ಅದರತ್ತ ಒತ್ತೊತ್ತಾಗಿ ನುಗ್ಗುತ್ತವೆ. ಪ್ಲೇಟಿನ ಅಂಚಿನಲ್ಲಿರುವ ಅಂಗಾಂಶ ಬೇಯುತ್ತದೆ. ಅಲ್ಟ್ರಾಸೌಂಡ್ ಯಾಂತ್ರಿಕ ಅಲೆ. ಲೋಹ ಅದರ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ, ಒಳಗೆ ಹೊಕ್ಕ ಅಲ್ಪಸ್ವಲ್ಪ ಶಾಖವನ್ನೂ ಬೇಗ ಹರಡಿಬಿಡುತ್ತದೆ. ಆದರೆ ಪ್ಲಾಸ್ಟಿಕ್ ಭಾಗವಿರುವ ಅಥವಾ ಬೋನ್ ಸಿಮೆಂಟ್ ಹಾಕಿ ಕೂರಿಸಿದ ಕೃತಕ ಕೀಲಿನ ಮೇಲೆ ಅಲ್ಟ್ರಾಸೌಂಡ್ ನಿಷಿದ್ಧ. ಆ ವಸ್ತುಗಳು ಅಲೆಯನ್ನು ಹೀರಿ ಬಿಸಿಯಾಗುತ್ತವೆ. ಪರೀಕ್ಷಕರು "ಮಂಡಿ ಕೀಲು ಬದಲಿಸಿದೆ" ಎಂದು ಬರೆದರೆ ಲೋಹವನ್ನಷ್ಟೇ ನೆನೆದು ಅಲ್ಟ್ರಾಸೌಂಡ್ ಒಪ್ಪಿಬಿಡುವುದು ತೀರಾ ಸಾಮಾನ್ಯ ತಪ್ಪು.

ನಿಷೇಧಗಳ ಪಟ್ಟಿಯನ್ನು ಯಂತ್ರವಾರು ಓದಬೇಡಿ, ಅಪಾಯವಾರು ಓದಿ. ಪೇಸ್‌ಮೇಕರ್ ಇದ್ದವರಿಗೆ ಡಯಥರ್ಮಿ ಬೇಡವೇ ಬೇಡ. ವಿದ್ಯುತ್ ಪ್ರಚೋದನೆಯೂ ನಿಷೇಧದ ಪಟ್ಟಿಯಲ್ಲಿದೆ. ಗರ್ಭಿಣಿಗೆ ಅಲ್ಟ್ರಾಸೌಂಡ್ ಗರ್ಭಕೋಶದ ಸುತ್ತಮುತ್ತ ಮಾತ್ರ ನಿಷಿದ್ಧ, ಹಿಮ್ಮಡಿಗೆ ಕೊಡಬಹುದು. ಡಯಥರ್ಮಿಯಾದರೆ ದೇಹದ ಯಾವ ಭಾಗಕ್ಕೂ ಬೇಡ, ಏಕೆಂದರೆ ಅದರ ಕ್ಷೇತ್ರ ಸುತ್ತಲೂ ಚದುರುತ್ತದೆ. ಗರ್ಭಿಣಿಯಾದ ಥೆರಪಿಸ್ಟ್ ಕೂಡ ಆ ಯಂತ್ರದ ಹತ್ತಿರ ನಿಲ್ಲಬಾರದು ಎಂಬುದು ಇದೇ ಕಾರಣಕ್ಕೆ. ಕ್ಯಾನ್ಸರ್ ಗಡ್ಡೆಯ ಮೇಲೆ, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಜಾಗದಲ್ಲಿ ಯಾವ ಶಾಖವೂ ಸಲ್ಲದು. ಸ್ಪರ್ಶಜ್ಞಾನ ಕುಂದಿದ ಚರ್ಮಕ್ಕೆ ಬಿಸಿ ಕೊಟ್ಟರೆ ಸುಡುತ್ತಿರುವುದು ರೋಗಿಗೇ ತಿಳಿಯುವುದಿಲ್ಲ. ಆದ್ದರಿಂದ "ಮೊದಲು ಏನು ಮಾಡುವಿರಿ" ಎಂದು ಕೇಳಿದರೆ ಬಿಸಿ, ತಣ್ಣೀರಿನ ಪ್ರನಾಳಗಳಿಂದ ಉಷ್ಣಸ್ಪರ್ಶ ಪರೀಕ್ಷೆ ಎನ್ನುವುದೇ ಬಹಳ ಸಲ ಸರಿಯುತ್ತರ.

ಡಯಥರ್ಮಿಯಲ್ಲಿ ಬೆವರನ್ನು ಮರೆಯಬೇಡಿ. ಚರ್ಮದ ಮಡಿಕೆಯಲ್ಲಿ ನಿಂತ ಒಂದು ಹನಿ ಬೆವರಿನ ಸುತ್ತ ಬಿಸಿ ಕೇಂದ್ರೀಕರಿಸಿ ಸುಡುತ್ತದೆ. ಒಣ ಟವೆಲ್ ಹೊದಿಸುವುದು ಅದನ್ನು ಹೀರಲೆಂದೇ.

ಪ್ರಶ್ನೆ: ಹಾಟ್ ಪ್ಯಾಕ್ ತೊಟ್ಟಿಯ ನೀರು 70 ಡಿಗ್ರಿಗೂ ಮೇಲೆ, ವ್ಯಾಕ್ಸ್ 52ರಿಂದ 57 ಡಿಗ್ರಿ. 45 ದಾಟಿದರೆ ಅಂಗಾಂಶ ಸುಡುತ್ತದೆ ಎಂದೂ ಓದಿದ್ದೇನೆ. ಹಾಗಾದರೆ ರೋಗಿ ಸುಡದೆ ಉಳಿಯುವುದು ಹೇಗೆ?

ಉತ್ತರ: 40ರಿಂದ 45 ಡಿಗ್ರಿ ಎನ್ನುವುದು ಅಂಗಾಂಶದ ಉಷ್ಣತೆ, ಮಿಕ್ಕವು ಶಾಖದ ಮೂಲದ ಉಷ್ಣತೆ. ನಡುವೆ ಇರುವ ತಡೆಯೇ ಕಾಪಾಡುವುದು. ಹಾಟ್ ಪ್ಯಾಕಿಗೆ ಆ ತಡೆ ಎಂದರೆ ಟವೆಲ್, 6ರಿಂದ 8 ಪದರ. 15–20 ನಿಮಿಷದ ಚಿಕಿತ್ಸೆಯಲ್ಲಿ 5 ನಿಮಿಷಕ್ಕೆ ಒಮ್ಮೆ ಎತ್ತಿ ಚರ್ಮ ನೋಡಬೇಕು. ರೋಗಿಯನ್ನು ಪ್ಯಾಕ್ ಮೇಲೆ ಮಲಗಿಸಿದರೆ ಭಾರಕ್ಕೆ ಟವೆಲ್ ಅಮುಕುತ್ತದೆ, ಬಿಸಿನೀರು ಹಿಂಡಿ ಹೊರಬರುತ್ತದೆ, ಒತ್ತಡದಿಂದ ಅಲ್ಲಿನ ರಕ್ತಸಂಚಾರವೂ ತಗ್ಗುತ್ತದೆ. ಬೇರೆ ದಾರಿಯಿಲ್ಲದೆ ಮಲಗಿಸಲೇಬೇಕಾದರೆ ಪದರ ಹೆಚ್ಚಿಸಿ, ಪದೇ ಪದೇ ನೋಡಿ. ತೊಟ್ಟಿಯ ಉಷ್ಣತೆಯ ವಿಷಯದಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಕೆಲವು ಡಿಗ್ರಿ ವ್ಯತ್ಯಾಸವಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ವ್ಯಾಕ್ಸ್ ಸ್ವಭಾವವೇ ಬೇರೆ. ಅದರ ವಿಶಿಷ್ಟೋಷ್ಣ ನೀರಿಗಿಂತ ಕಡಿಮೆ, ಶಾಖವಾಹಕತೆಯೂ ಕಡಿಮೆ. ಅದೇ ಉಷ್ಣತೆಯ ನೀರಿನಲ್ಲಿ ಕೈ ಇಡಲಾಗದು, ವ್ಯಾಕ್ಸಿನಲ್ಲಿ ಅದ್ದಬಹುದು. 6 ಅಥವಾ 7 ಭಾಗ ವ್ಯಾಕ್ಸಿಗೆ 1 ಭಾಗ ಮಿನರಲ್ ಆಯಿಲ್ ಬೆರೆಸುವುದು ಕರಗುವ ಬಿಂದುವನ್ನು ಇಳಿಸಲು. ಶುದ್ಧ ವ್ಯಾಕ್ಸ್ ಸುಮಾರು 54 ಡಿಗ್ರಿಯಲ್ಲಿ ಕರಗಿದರೆ ಎಣ್ಣೆ ಸೇರಿದ್ದು 45ರಿಂದ 50ರಲ್ಲೇ ಕರಗುತ್ತದೆ.

ಅದ್ದುವ ಕ್ರಮವನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ತಪ್ಪಾಗುವುದು ಅಲ್ಲೇ. ಉಂಗುರ, ಬಳೆ ತೆಗೆಸಿ ಕೈ ತೊಳೆಸಿ ಪೂರ್ತಿ ಒರೆಸಿ. ನೀರಿನ ಹನಿ ಉಳಿದರೆ ಅಲ್ಲಿ ಸುಡುತ್ತದೆ. ಬೆರಳುಗಳನ್ನು ಅಗಲಿಸಿ ಮಣಿಕಟ್ಟಿನವರೆಗೆ ಅದ್ದಿ ತೆಗೆಸಿ, ಪದರ ಗಟ್ಟಿಯಾಗಿ ಹೊಳಪು ಮಾಸುವವರೆಗೆ ಕೆಲವು ಸೆಕೆಂಡು ಕಾಯಿರಿ, ಮತ್ತೆ ಅದ್ದಿಸಿ. ಹೀಗೆ 6ರಿಂದ 10 ಸಲ. ಎರಡನೇ ಸಲದಿಂದ ಮೊದಲ ಗೆರೆಗಿಂತ ಮೇಲಕ್ಕೆ ಅದ್ದಬಾರದು. ಅದ್ದಿದರೆ ಬಿಸಿ ದ್ರವ ಗಟ್ಟಿ ಪದರದ ಒಳಗೆ ಇಳಿಯುತ್ತದೆ. ಬೆರಳು ಮಡಚಿದರೆ ಪದರ ಬಿರುಕು ಬಿಟ್ಟು ಇದೇ ಅನಾಹುತ. ಕೊನೆಗೆ ಪ್ಲಾಸ್ಟಿಕ್, ಅದರ ಮೇಲೆ ಟವೆಲ್ ಸುತ್ತಿ 10–15 ನಿಮಿಷ. ಬಾಯಿ ತೆರೆದ ಗಾಯವಿದ್ದರೆ ವ್ಯಾಕ್ಸ್ ಬೇಡ.

ಪ್ರಶ್ನೆ: ಐಸ್ ಹಚ್ಚಿದ ರೋಗಿ "ಉರಿಯುತ್ತಿದೆ" ಎಂದರೆ ನಿಲ್ಲಿಸಬೇಕೇ?

ಉತ್ತರ: ಬೇಡ. ತಣುಪು, ಉರಿ, ಮಿಡಿಯುವ ನೋವು, ಮರಗಟ್ಟುವಿಕೆ ಇದೇ ಸಹಜ ಕ್ರಮ. ಐಸ್ ಮಸಾಜಿನಲ್ಲಿ 5ರಿಂದ 10 ನಿಮಿಷಕ್ಕೆ ಮರಗಟ್ಟುತ್ತದೆ, ಅಲ್ಲಿಗೆ ಸಾಕು. ಇದನ್ನು ರೋಗಿಗೆ ಮೊದಲೇ ಹೇಳಿರಬೇಕು. ನಿಲ್ಲಿಸಬೇಕಾದ್ದು ಗಂಧೆಗಳು ಎದ್ದರೆ, ಚರ್ಮ ಬಿಳಚಿ ಗಟ್ಟಿಯಾದರೆ, ಬೆರಳ ತುದಿ ಬೆಳ್ಳಗಾಗಿ ನೀಲಿಗೆ ತಿರುಗಿದರೆ. ಕೋಲ್ಡ್ ಅರ್ಟಿಕೇರಿಯಾ (ತಣುಪಿಗೆ ಗಂಧೆ ಏಳುವುದು), ರೇನಾಡ್ ಕಾಯಿಲೆ (ತಣುಪಿಗೆ ಬೆರಳ ರಕ್ತನಾಳ ಬಿಗಿಯುವುದು), ಕ್ರಯೋಗ್ಲೋಬ್ಯುಲಿನೀಮಿಯಾ (ತಣುಪಿಗೆ ರಕ್ತದ ಪ್ರೋಟೀನ್ ಗಟ್ಟಿಯಾಗುವುದು) ಇರುವವರಿಗೆ ಶೀತ ನಿಷಿದ್ಧ. ಮೊಣಕೈ ಒಳಬದಿಯ ಅಲ್ನಾರ್ ನರ, ಮಂಡಿಯ ಹೊರಬದಿಯಲ್ಲಿ ಫಿಬುಲಾ ತಲೆಯ ಬಳಿ ಹಾಯುವ ಪೆರೋನಿಯಲ್ ನರ, ಎರಡೂ ಚರ್ಮದ ಕೆಳಗೇ ಇವೆ. ಅಲ್ಲಿ ಐಸ್ ಕಟ್ಟಿ ಬಿಟ್ಟರೆ ನರಕ್ಕೇ ಪೆಟ್ಟು. ಸ್ಪಾಸ್ಟಿಸಿಟಿ (ಸ್ನಾಯುವಿನ ಅತಿಬಿಗಿತ) ತಗ್ಗಿಸಲು ಸ್ನಾಯುವೇ ತಣಿಯಬೇಕು, ಅದಕ್ಕೆ 30 ನಿಮಿಷದವರೆಗೂ ಬೇಕಾಗಬಹುದು. ಕ್ಷಣಮಾತ್ರದ ಐಸ್ ಸ್ಪರ್ಶ ಇದಕ್ಕೆ ತದ್ವಿರುದ್ಧ, ಸ್ನಾಯುವನ್ನು ಎಚ್ಚರಿಸುತ್ತದೆ. ಒದ್ದೆ ಬಟ್ಟೆಯ ಮೂಲಕ ತಂಪು ಬೇಗ ಇಳಿಯುತ್ತದೆ, ಒಣ ಬಟ್ಟೆಯ ಮೂಲಕ ನಿಧಾನ.

ಪ್ರಶ್ನೆ: ಟೆನ್ಸ್, ಎನ್‌ಎಂಇಎಸ್, ರಷ್ಯನ್ ಕರೆಂಟ್, ಐಎಫ್‌ಟಿ ಇವೆಲ್ಲ ಒಂದೇ ಬಗೆಯವು ಅನಿಸುತ್ತವೆ. ಪಲ್ಸ್ ಅವಧಿ, ಆವರ್ತನಗಳನ್ನು ಬೇರೆ ಬೇರೆಯಾಗಿ ನೆನಪಿಡುವ ದಾರಿ ತಿಳಿಸಿ.

ಉತ್ತರ: ಸ್ಟ್ರೆಂತ್–ಡ್ಯುರೇಷನ್ ವಕ್ರರೇಖೆಯನ್ನು ಕೈಯಾರೆ ಹತ್ತು ಸಲ ಬರೆಯಿರಿ. ಅಡ್ಡ ಅಕ್ಷದಲ್ಲಿ ಪಲ್ಸ್ ಅವಧಿ, ನೇರ ಅಕ್ಷದಲ್ಲಿ ತೀವ್ರತೆ. ಎಡತುದಿಗೆ ಹತ್ತಿರ ಸ್ಪರ್ಶನರ, ಅದರ ಬಲಕ್ಕೆ ಚಲನಾನರ, ಮುಂದೆ ನೋವಿನ ನರ, ದೂರದ ಬಲಕ್ಕೆ ನರ ಕಳೆದುಕೊಂಡ ಸ್ನಾಯು. ಪಲ್ಸ್ ಕಿರಿದಾದಷ್ಟೂ ಸ್ಪರ್ಶನರವೊಂದನ್ನೇ ತಟ್ಟುವುದು ಸುಲಭ. ನೋವಿನ ದ್ವಾರ (ನೋವಿನ ಸಂದೇಶ ಮಿದುಳಿಗೆ ಏರುವ ದಾರಿ) ಮುಚ್ಚಲು ಸ್ಪರ್ಶ ಸಾಕು, ಆದ್ದರಿಂದ ಸಾಂಪ್ರದಾಯಿಕ ಟೆನ್ಸ್‌ಗೆ 50–80 ಮೈಕ್ರೋಸೆಕೆಂಡ್, 100–150 ಹರ್ಟ್ಸ್, ಜುಮುಗುಡುವಷ್ಟೇ ತೀವ್ರತೆ. ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಗೇಟ್ ಕಂಟ್ರೋಲ್ ಸಿದ್ಧಾಂತ ಇದರ ಅಡಿಪಾಯ. ದೇಹದ್ದೇ ನೋವುನಿವಾರಕವಾದ ಎಂಡಾರ್ಫಿನ್ ಹೊರಡಬೇಕಾದರೆ ಸ್ನಾಯು ಮಿಡಿಯಬೇಕು, ಅದಕ್ಕೆ ಅಗಲವಾದ ಪಲ್ಸ್: 200–300 ಮೈಕ್ರೋಸೆಕೆಂಡ್, 2–10 ಹರ್ಟ್ಸ್. ಮೊದಲನೆಯದರ ಉಪಶಮನ ಯಂತ್ರ ಓಡುತ್ತಿರುವಷ್ಟು ಹೊತ್ತು ಮತ್ತು ತುಸು ಆಚೆಗೆ. ಎರಡನೆಯದು ನಿಧಾನವಾಗಿ ಹತ್ತಿ ಗಂಟೆಗಟ್ಟಲೆ ನಿಲ್ಲುತ್ತದೆ. ಓಪಿಯಾಯ್ಡ್ ಮಾತ್ರೆಯನ್ನು ಬಹುಕಾಲದಿಂದ ನುಂಗುತ್ತಿರುವವರಲ್ಲಿ ಈ ಎರಡನೆಯ ಬಗೆ ಮಂಕಾಗುತ್ತದೆ. ಅಂಥ ಸನ್ನಿವೇಶದಲ್ಲಿ ಹೆಚ್ಚಿನ ಆವರ್ತನದ್ದನ್ನು ಆರಿಸಿ.

ಎನ್‌ಎಂಇಎಸ್‌ನ ಕೆಲಸ ಸ್ನಾಯುವನ್ನು ವಿದ್ಯುತ್ತಿನಿಂದ ಬಿಗಿಯುವಂತೆ ಮಾಡುವುದು. ಸಣ್ಣ ಸ್ನಾಯುವಿಗೆ 150–200, ತೊಡೆಯಂಥ ದೊಡ್ಡದಕ್ಕೆ 200–350 ಮೈಕ್ರೋಸೆಕೆಂಡ್, ಆವರ್ತನ 35–80 ಹರ್ಟ್ಸ್. ಮಿಡಿತಗಳು ಒಂದರೊಳಗೊಂದು ಬೆರೆತು ಅಖಂಡ ಬಿಗಿತವಾಗಲು 35ರ ಮೇಲಿರಬೇಕು. ತೀರಾ ಏರಿಸಿದರೆ ಸ್ನಾಯು ಬೇಗ ಬಳಲುತ್ತದೆ. ಬಳಲಿಕೆಯೇ ಇಲ್ಲಿನ ದೊಡ್ಡ ತೊಡಕು. ನಾವು ಇಚ್ಛೆಯಿಂದ ಸ್ನಾಯು ಬಿಗಿದಾಗ ಚಲನಾಘಟಕಗಳು ಸರದಿಯ ಮೇಲೆ ದುಡಿಯುತ್ತವೆ. ಯಂತ್ರ ಪ್ರತಿ ಪಲ್ಸ್‌ಗೂ ಅವೇ ಘಟಕಗಳನ್ನು ಏಕಕಾಲಕ್ಕೆ ಎಬ್ಬಿಸುತ್ತದೆ. ಅದಕ್ಕೇ ಬಲವರ್ಧನೆಗೆ 10 ಸೆಕೆಂಡ್ ಬಿಗಿತ, 50 ಸೆಕೆಂಡ್ ವಿಶ್ರಾಂತಿ. ಹತ್ತು ಬಿಗಿತಕ್ಕೆ ಒಟ್ಟು 600 ಸೆಕೆಂಡ್, ಅಂದರೆ 10 ನಿಮಿಷ. ಇಲ್ಲೊಂದು ಗುಂಡಿ ತೋಡಿಟ್ಟಿರುತ್ತಾರೆ: ಅನುಪಾತ 1:5, ಆದರೆ ಡ್ಯೂಟಿ ಸೈಕಲ್ 10 ÷ 60, ಸುಮಾರು ಶೇ 17. ಶೇ 20 ಎಂದರೆ 1:4.

ರಷ್ಯನ್ ಕರೆಂಟಿನಲ್ಲಿ 2500 ಹರ್ಟ್ಸ್‌ನ ಪ್ರವಾಹವನ್ನು ಸೆಕೆಂಡಿಗೆ 50 ತುಂಡುಗಳಾಗಿ ಕತ್ತರಿಸುತ್ತಾರೆ. 10 ಮಿಲಿಸೆಕೆಂಡ್ ಪ್ರವಾಹ, 10 ಮಿಲಿಸೆಕೆಂಡ್ ಖಾಲಿ. ಒಂದು ತುಂಡಿನಲ್ಲಿ 25 ಅಲೆಗಳು. ನರದ ಮಟ್ಟಿಗೆ ಅದು 50 ಹರ್ಟ್ಸ್. ಐಎಫ್‌ಟಿಯಲ್ಲಿ 4000 ಮತ್ತು 4100 ಹರ್ಟ್ಸ್‌ನ ಎರಡು ಪ್ರವಾಹಗಳು ದೇಹದೊಳಗೆ ಕತ್ತರಿಯಾಕಾರದಲ್ಲಿ ಹಾಯ್ದು 100 ಹರ್ಟ್ಸ್‌ನ ಮಿಡಿತ ಹುಟ್ಟಿಸುತ್ತವೆ. ಇಷ್ಟು ದೊಡ್ಡ ಆವರ್ತನ ಏಕೆ? ಆವರ್ತನ ಏರಿದಂತೆ ಚರ್ಮದ ಅಡ್ಡಿ ಇಳಿಯುತ್ತದೆ, ಚುಚ್ಚುವಿಕೆ ಕಡಿಮೆ. ನಾಲ್ಕು ಪ್ಯಾಡ್‌ಗಳನ್ನು ಹಚ್ಚುವಾಗ ಒಂದು ಚಾನೆಲ್ಲಿನ ಎರಡೂ ಪ್ಯಾಡ್ ಒಂದೇ ಬದಿಗೆ ಬಂದರೆ ಪ್ರವಾಹಗಳು ಕೂಡುವುದೇ ಇಲ್ಲ. ಪ್ರಾಕ್ಟಿಕಲ್‌ನಲ್ಲಿ ಅಂಕ ಸೋರುವುದು ಇಲ್ಲೇ. ನೋವಿನ ಜಾಗವನ್ನು ಮಧ್ಯಕ್ಕಿಟ್ಟು ಮೂಲೆಯಿಂದ ಎದುರು ಮೂಲೆಗೆ ಒಂದು ಚಾನೆಲ್ ಹೋಗಬೇಕು.

ಪ್ಯಾಡ್‌ಗಳು ಹತ್ತಿರವಿದ್ದರೆ ಪ್ರವಾಹ ಮೇಲ್ಪದರದಲ್ಲಿ ಹರಿಯುತ್ತದೆ, ದೂರವಿದ್ದರೆ ಆಳಕ್ಕೆ ಇಳಿಯುತ್ತದೆ. ಒಂದು ಪ್ಯಾಡ್ ಸಣ್ಣದು, ಇನ್ನೊಂದು ದೊಡ್ಡದಿದ್ದರೆ ಸಣ್ಣದರ ಕೆಳಗೆ ಪ್ರವಾಹ ಸಾಂದ್ರ. ಕುತ್ತಿಗೆಯ ಮುಂಬದಿಯಲ್ಲಿ, ಕ್ಯಾರೋಟಿಡ್ ಸೈನಸ್ ಮೇಲೆ ಪ್ಯಾಡ್ ಹಚ್ಚಲೇಬಾರದು, ರಕ್ತದೊತ್ತಡ ಕುಸಿಯಬಹುದು.

ಪ್ರಶ್ನೆ: ನರ ತುಂಡಾದ ಸ್ನಾಯುವಿಗೆ ಮಾಮೂಲಿ ಎನ್‌ಎಂಇಎಸ್ ಏಕೆ ನಾಟುವುದಿಲ್ಲ?

ಉತ್ತರ: ಆ ಯಂತ್ರ ಪ್ರಚೋದಿಸುವುದು ನರವನ್ನು, ಸ್ನಾಯುವನ್ನಲ್ಲ. ನರವೇ ಇಲ್ಲದಾಗ ಸ್ನಾಯುತಂತುವನ್ನೇ ನೇರವಾಗಿ ಎಬ್ಬಿಸಬೇಕು, ಅದಕ್ಕೆ 10 ಮಿಲಿಸೆಕೆಂಡಿಗಿಂತ ಉದ್ದದ ಪಲ್ಸ್ ಬೇಕು. ರಿಯೋಬೇಸ್ ಎಂದರೆ ಅತಿ ಉದ್ದದ ಪಲ್ಸ್‌ನಲ್ಲಿ ಕನಿಷ್ಠ ಬಿಗಿತಕ್ಕೆ ಸಾಕಾಗುವ ಪ್ರವಾಹ. ಅದರ ಎರಡರಷ್ಟು ಪ್ರವಾಹ ಕೊಟ್ಟಾಗ ಬೇಕಾಗುವ ಕನಿಷ್ಠ ಅವಧಿಯೇ ಕ್ರೋನಾಕ್ಸಿ. ನರವಿರುವ ಸ್ನಾಯುವಿನಲ್ಲಿ ಅದು 1 ಮಿಲಿಸೆಕೆಂಡಿಗಿಂತ ಕಡಿಮೆ, ನರ ಕಳೆದುಕೊಂಡಿದ್ದರಲ್ಲಿ ಹಲವು ಪಟ್ಟು ಹೆಚ್ಚು. ಮೊದಲನೆಯದರ ಘಟಕ ಪ್ರವಾಹ, ಎರಡನೆಯದರದ್ದು ಸಮಯ. ಇದನ್ನು ಅದಲುಬದಲು ಮಾಡಬೇಡಿ.

ಪ್ರಶ್ನೆ: ಅಯಾಂಟೊಫೊರೆಸಿಸ್‌ನಲ್ಲಿ (ವಿದ್ಯುತ್ತಿನಿಂದ ಔಷಧವನ್ನು ಚರ್ಮದೊಳಕ್ಕೆ ತಳ್ಳುವುದರಲ್ಲಿ) ಯಾವ ಔಷಧ ಯಾವ ಧ್ರುವದ ಕೆಳಗೆ? ಉರಿಗಾಯ ಏಕಾಗುತ್ತದೆ?

ಉತ್ತರ: ಸಮಾನ ಆವೇಶಗಳು ಒಂದನ್ನೊಂದು ದೂಡುತ್ತವೆ, ಅದೇ ಎಲ್ಲ. ಋಣ ಅಯಾನಿನ ಔಷಧವನ್ನು ಋಣ ಧ್ರುವದ ಕೆಳಗಿಟ್ಟರೆ ಒಳಕ್ಕೆ ತಳ್ಳಲ್ಪಡುತ್ತದೆ. ಡೆಕ್ಸಾಮೆಥಸೋನ್ ಫಾಸ್ಫೇಟ್, ಅಸೆಟಿಕ್ ಆಮ್ಲ, ಸ್ಯಾಲಿಸಿಲೇಟ್ ಋಣ. ಲಿಡೋಕೇನ್, ಸತು, ಮೆಗ್ನೀಷಿಯಂ ಧನ. ಟೆಂಡನ್ನಿನ ಉರಿಯೂತಕ್ಕೆ ಡೆಕ್ಸಾಮೆಥಸೋನ್, ಕ್ಯಾಲ್ಸಿಯಂ ಕೂತಿದ್ದರೆ ಅಸೆಟಿಕ್ ಆಮ್ಲ. ಏಕಮುಖ ಪ್ರವಾಹವೇ ಬೇಕು, ಅದಲುಬದಲಾಗುವ ಪ್ರವಾಹ ಔಷಧವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಅಲ್ಲೇ ಬಿಡುತ್ತದೆ. ಪ್ರಮಾಣ ಎಂದರೆ ಮಿಲಿಆಂಪಿಯರನ್ನು ನಿಮಿಷದಿಂದ ಗುಣಿಸುವುದು: 40 ಬೇಕಾದರೆ 4 ಮಿಲಿಆಂಪಿಯರ್ 10 ನಿಮಿಷ, ಇಲ್ಲವೇ 2 ಮಿಲಿಆಂಪಿಯರ್ 20 ನಿಮಿಷ. ಚರ್ಮ ಸೂಕ್ಷ್ಮವಿದ್ದರೆ ಎರಡನೆಯದೇ ಸರಿ.

ಋಣ ಧ್ರುವದ ಕೆಳಗೆ ಕ್ಷಾರ ಕೂಡುತ್ತದೆ, ಧನ ಧ್ರುವದ ಕೆಳಗೆ ಆಮ್ಲ. ಚರ್ಮವನ್ನು ಹೆಚ್ಚು ಕೆಡಿಸುವುದು ಕ್ಷಾರ. ಆದ್ದರಿಂದ ಋಣದಲ್ಲಿ ಪ್ರತಿ ಚ.ಸೆಂ.ಮೀ.ಗೆ 0.5 ಮಿಲಿಆಂಪಿಯರ್ ಮೀರಬಾರದು, ಧನದಲ್ಲಿ 1.0. ಋಣ ಪ್ಯಾಡ್ 8 ಚ.ಸೆಂ.ಮೀ. ಇದ್ದರೆ ಗರಿಷ್ಠ 4 ಮಿಲಿಆಂಪಿಯರ್. ಪ್ಯಾಡ್ ಒಣಗಿದ್ದರೆ ಅಥವಾ ಒಂದಂಚು ಎದ್ದಿದ್ದರೆ ಉಳಿದ ಕಿರಿದಾದ ಜಾಗದಲ್ಲಿ ಅಷ್ಟೂ ಪ್ರವಾಹ ನುಗ್ಗುತ್ತದೆ. ಲೆಕ್ಕ ಸರಿಯಿದ್ದೂ ಬೊಬ್ಬೆ ಏಳುವುದು ಹೀಗೆ.

ಪ್ರಶ್ನೆ: ಟ್ರ್ಯಾಕ್ಷನ್ ತೂಕ ಎಷ್ಟು?

ಉತ್ತರ: ಸೊಂಟಕ್ಕೆ ದೇಹತೂಕದ ಶೇ 25ರಷ್ಟು ಮಂಚದ ಘರ್ಷಣೆ ಮೀರುವುದರಲ್ಲೇ ಖರ್ಚಾಗುತ್ತದೆ, ಸೀಳುಮಂಚ (ಎರಡು ಭಾಗವಾಗಿ ಸರಿಯುವ ಮಂಚ) ಬಳಸುವುದು ಅದನ್ನು ತಪ್ಪಿಸಲು. ಕಶೇರುಗಳು ಬೇರ್ಪಡಬೇಕಾದರೆ ಶೇ 50ರವರೆಗೆ. 80 ಕೆ.ಜಿ.ಯ ರೋಗಿಗೆ ಇವು 20 ಮತ್ತು 40 ಕೆ.ಜಿ. ಮೊದಲ ದಿನವೇ 40ಕ್ಕೆ ಹೋಗಬೇಡಿ, 13–20 ಕೆ.ಜಿ.ಯಲ್ಲಿ ಆರಂಭಿಸಿ ಪ್ರತಿಕ್ರಿಯೆ ನೋಡಿ. ಕುತ್ತಿಗೆಗೆ ಆರಂಭ 3–4 ಕೆ.ಜಿ. ಮೇಲಿನ ಕಶೇರುಗಳಿಗೆ ಕುತ್ತಿಗೆ ಬಹುತೇಕ ನೇರ, ಕೆಳಗಿನವಕ್ಕೆ 25–30 ಡಿಗ್ರಿ ಬಾಗಿಸಿ. ಎಳೆತ ತಲೆಯ ಹಿಂಬದಿಗೆ ಬೀಳಬೇಕು. ಗಲ್ಲಕ್ಕೆ ಬಿದ್ದರೆ ದವಡೆಯ ಕೀಲು ನೋಯುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಮೊದಲೆರಡು ಕಶೇರುಗಳ ಅಸ್ಥಿರಜ್ಜು ಸಡಿಲವಾಗಿರಬಹುದು, ಅಲ್ಲಿ ಎಳೆತ ಬೆನ್ನುಹುರಿಗೇ ಕುತ್ತು. ಕಾಲಿನ ನೋವು ಇನ್ನೂ ಕೆಳಕ್ಕೆ ಜಾರಿದರೆ ನಿಲ್ಲಿಸಿ. ಸೊಂಟದ ಕಡೆಗೆ ಹಿಮ್ಮೆಟ್ಟಿದರೆ ಅದು ಒಳ್ಳೆಯ ಸೂಚನೆ.

ಪ್ರಶ್ನೆ: ನ್ಯೂಮ್ಯಾಟಿಕ್ ಕಂಪ್ರೆಷನ್‌ನಲ್ಲಿ (ಗಾಳಿ ತುಂಬುವ ಹೊದಿಕೆಯಿಂದ ಊತ ಹಿಂಡುವುದರಲ್ಲಿ) ಒತ್ತಡದ ಮಿತಿ?

ಉತ್ತರ: ರೋಗಿಯ ಡಯಾಸ್ಟಾಲಿಕ್ (ಕೆಳಗಿನ ಅಂಕಿಯ) ರಕ್ತದೊತ್ತಡ ಮೀರಬಾರದು. ತೋಳಿಗೆ 30–60, ಕಾಲಿಗೆ 40–80 ಮಿ.ಮೀ. ಪಾದರಸ. ಹೃದಯ ವೈಫಲ್ಯದಿಂದ ಬಂದ ಊತಕ್ಕೆ ಬೇಡ. ಕಾಲಿನಿಂದ ಹಿಂಡಿದ ದ್ರವವನ್ನು ಆ ಹೃದಯ ತಾಳಲಾರದು.

ಪ್ರಶ್ನೆ: ಇನ್‌ಫ್ರಾರೆಡ್ ದೀಪದ ದೂರ ಬದಲಿಸಿದಾಗ ತೀವ್ರತೆ ಹೇಗೆ ಬದಲಾಗುತ್ತದೆ?

ಉತ್ತರ: ತೀವ್ರತೆ ದೂರದ ವರ್ಗಕ್ಕೆ ವಿಲೋಮ. 60 ಸೆಂ.ಮೀ.ನಿಂದ 30ಕ್ಕೆ ತಂದರೆ ದೂರ ಅರ್ಧವಾಯಿತು, ತೀವ್ರತೆ ನಾಲ್ಕು ಪಟ್ಟಾಯಿತು. ಎರಡು ಪಟ್ಟು ಎಂದು ಬರೆಯುವವರೇ ಹೆಚ್ಚು. ಕಿರಣ ಲಂಬವಾಗಿ ಬೀಳಬೇಕು ಎಂಬುದು ಕೊಸೈನ್ ನಿಯಮ: 60 ಡಿಗ್ರಿ ಓರೆಯಾದರೆ ಅರ್ಧ ಮಾತ್ರ ದಕ್ಕುತ್ತದೆ.

ಪ್ರಶ್ನೆ: ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಂತ್ರ ಗೊತ್ತಿದ್ದೂ ಅಂಕ ಕಳೆದುಕೊಳ್ಳುತ್ತೇನೆ. ಎಲ್ಲಿ ತಪ್ಪುತ್ತಿರಬಹುದು?

ಉತ್ತರ: ಹೆಚ್ಚಿನವರು ಯಂತ್ರದತ್ತ ನೋಡುತ್ತಾರೆ, ರೋಗಿಯತ್ತ ನೋಡುವುದಿಲ್ಲ. ಮೊದಲ ನಿಮಿಷ ಮಾತಿನದ್ದು: ಏನು ಮಾಡುತ್ತೇವೆ, ಹೇಗೆ ಅನಿಸಬೇಕು, ಯಾವುದು ಅನಿಸಿದರೆ ತಕ್ಷಣ ಹೇಳಬೇಕು. ನಿಷೇಧಗಳನ್ನು ರೋಗಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿ. "ಥ್ರಾಂಬೋಸಿಸ್ ಇದೆಯೇ" ಎಂದರೆ ತಲೆ ಅಲ್ಲಾಡಿಸುತ್ತಾರೆ. "ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆದಿದ್ದೀರಾ" ಎಂದರೆ ಉತ್ತರ ಬರುತ್ತದೆ. ಚರ್ಮ ನೋಡಿ, ಸ್ಪರ್ಶ ಪರೀಕ್ಷಿಸಿ. ತೀವ್ರತೆಯ ಗುಂಡಿ ಸೊನ್ನೆಯಲ್ಲಿದೆಯೇ ಎಂದು ನೋಡಿದ ಮೇಲೆಯೇ ಪ್ಯಾಡ್ ಹಚ್ಚಿ. ಮುಗಿಸುವಾಗ ಮೊದಲು ಸೊನ್ನೆಗೆ ಇಳಿಸಿ, ಆಮೇಲೆ ಪ್ಯಾಡ್ ತೆಗೆಯಿರಿ. ಈ ಕ್ರಮ ತಪ್ಪಿದರೆ ರೋಗಿಗೆ ಜುಮ್ಮನೆ ಹೊಡೆಯುತ್ತದೆ, ಅಂಕವೂ ಹೋಗುತ್ತದೆ. ಅಲ್ಟ್ರಾಸೌಂಡ್ ಹೆಡ್ಡನ್ನು ಯಂತ್ರ ಚಾಲೂ ಇರುವಾಗ ಗಾಳಿಯಲ್ಲಿ ಎತ್ತಿ ಹಿಡಿಯಬೇಡಿ. ಗಾಳಿಯಿಂದ ಶಕ್ತಿಯೆಲ್ಲ ಹಿಂದಿರುಗಿ ಹರಳು ಕಾಯುತ್ತದೆ. ನೀರಿನಲ್ಲಿ ಮುಳುಗಿಸಿ ಕೊಡುವುದಾದರೆ ಪ್ಲಾಸ್ಟಿಕ್ ಪಾತ್ರೆ, ಹೆಡ್ಡಿಗೂ ಚರ್ಮಕ್ಕೂ 1 ಸೆಂ.ಮೀ. ಆಸುಪಾಸು ಅಂತರ, ಚರ್ಮಕ್ಕೆ ಅಂಟಿದ ಗುಳ್ಳೆಗಳನ್ನು ಒರೆಸಿ.

ಕೊನೆಗೆ ದಾಖಲೆ. "ಅಲ್ಟ್ರಾಸೌಂಡ್ ಕೊಡಲಾಯಿತು" ಎಂದು ಬರೆದರೆ ಮುಂದಿನ ಥೆರಪಿಸ್ಟಿಗೆ ಏನೂ ತಿಳಿಯದು. ಹೀಗಿರಲಿ: ಬಲ ಮೊಣಕೈ ಹೊರಬದಿ, 3 ಮೆಗಾಹರ್ಟ್ಸ್, ಶೇ 20 ಪಲ್ಸ್ಡ್, 0.5 ವ್ಯಾಟ್/ಚ.ಸೆಂ.ಮೀ., 5 ನಿಮಿಷ, ಜಾಗ ಇಆರ್‌ಎಯ ಎರಡು ಪಟ್ಟು, ರೋಗಿ ಕುಳಿತ ಭಂಗಿ, ಚಿಕಿತ್ಸೆಯ ನಂತರ ಚರ್ಮದಲ್ಲಿ ಬದಲಾವಣೆ ಇಲ್ಲ, ಹಿಡಿತದಲ್ಲಿ ನೋವು 10ಕ್ಕೆ 6ರಿಂದ 4ಕ್ಕೆ.